ಐದು ಸ್ಟಾರಿನ ಅಡುಗೆಮನೆ

ಎರಡು ವರ್ಷದ ಹಿಂದಿನ ಮಾತು. ಒಂದು ದೊಡ್ಡ ಕನ್ಸಲ್ಟೆನ್ಸಿಯಲ್ಲಿ ಬಹಳ ಕಾಲ ಸ್ಟ್ರಕ್ಚರಲ್ ಇಂಜಿನಿಯರ್ ಆಗಿದ್ದ ನಾನು ಆ ಕೆಲಸ ಬಿಟ್ಟು ಯಲಹಂಕ ನ್ಯೂಟೌನಿನಲ್ಲಿ ನನ್ನದೇ ಸಣ್ಣ ಆಫೀಸು ತೆರೆದಿದ್ದೆ. ಮನೆ ಹೇಗೆ ಕಾಣಬೇಕು ಎಂಬುದನ್ನು ಆರ್ಕಿಟೆಕ್ಟ್ ನೋಡಿಕೊಳ್ಳುತ್ತಾರೆ; ಅದು ಬೀಳದಂತೆ ನಿಲ್ಲುವುದು ಹೇಗೆ ಎಂಬುದನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ದೊಡ್ಡ ಕಂಪನಿಯಲ್ಲಿದ್ದಾಗ ಮೇಲ್ಸೇತುವೆ, ಶಾಪಿಂಗ್ ಮಾಲ್ ಎಂದು ಕಾಗದದ ಮೇಲೆ ಲೆಕ್ಕ ಹಾಕುತ್ತಿದ್ದವಳಿಗೆ ಇಲ್ಲಿ ಬರುತ್ತಿದ್ದುದು ಬೇರೆಯೇ ಬಗೆಯ ಕೇಸುಗಳು. ಗೋಡೆ ಬಿರುಕು ಬಿಟ್ಟಿದೆ, ಬಾಲ್ಕನಿ ಜಗ್ಗಿದೆ, ಮೇಲೊಂದು ಮಹಡಿ ಎತ್ತಬಹುದೇ ಎನ್ನುವಂಥವು. ಜನ ನನ್ನ ಬಳಿ ಬರುತ್ತಿದ್ದುದು ಹೆಚ್ಚಾಗಿ ಏನೋ ಆದ ಮೇಲೆ. ಏನೂ ಆಗುವ ಮೊದಲೇ ಬಂದವರು ಅಪರೂಪ. ಸವಿತಾ ಅಂಥವರಲ್ಲಿ ಒಬ್ಬರು.

ಸವಿತಾ ಗದಗದ ಕಡೆಯವರು. ಹೆಬ್ಬಾಳದ ಹತ್ತಿರ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಿದ್ದರು. ಗಂಡ ಹೆಂಡತಿ ಸೇರಿ ಅಮೃತಹಳ್ಳಿಯಲ್ಲಿ ಒಂದು ಹಳೆಯ ಮನೆ ಕೊಂಡಿದ್ದರು. ಹಾಲಿಗೂ ಅಡುಗೆಮನೆಗೂ ನಡುವಿನ ಗೋಡೆ ತೆಗೆಸಿ ಓಪನ್ ಕಿಚನ್ ಮಾಡಿಸಬೇಕೆಂಬುದು ಅವರ ಆಸೆ. ಮನೆ ರಿಪೇರಿಯವರನ್ನು ಹುಡುಕಿಕೊಡುವ ಆ್ಯಪ್‌ಗಳನ್ನು ವಾರಗಟ್ಟಲೆ ತಿರುವಿ ಹಾಕಿದ್ದರು. ಪರೀಕ್ಷೆಗೆ ಓದಿದಂತೆ ರಿವ್ಯೂಗಳನ್ನು ಓದಿದ್ದರು. ಒಬ್ಬ ಕಾಂಟ್ರಾಕ್ಟರನ್ನು ಆರಿಸಿಕೊಂಡ ಮೇಲೆ, ಗೋಡೆಯ ವಿಷಯವಲ್ಲವೇ, ಒಬ್ಬ ಇಂಜಿನಿಯರ್ ಒಮ್ಮೆ ಹೂಂ ಎಂದರೆ ನೆಮ್ಮದಿ ಎಂದುಕೊಂಡು ಒಂದು ಸಂಜೆ ನನ್ನ ಆಫೀಸಿಗೆ ಬಂದರು.

"ಎಲ್ಲಾ ನೋಡೇನ್ರಿ ಮೇಡಂ. ಈ ಮನಿಷ್ಯಾನಷ್ಟು ಛಲೋ ರಿವ್ಯೂ ಇರಾವ್ರು ಈ ಕಡೆ ಯಾರೂ ಇಲ್ರಿ" ಎಂದು ಫೋನನ್ನು ನನ್ನ ಮುಂದೆ ಇಟ್ಟರು.

ಕಾಂಟ್ರಾಕ್ಟರ್ ಹೆಸರು ಸುರೇಶ್. ಅವನ ಬಗ್ಗೆ ಬರೆದವರೆಲ್ಲ ಸಂತೋಷವಾಗಿ ಬರೆದಿದ್ದರು. ಹೇಳಿದ ದಿನಕ್ಕೆ ಬರುತ್ತಾನೆ, ಸಂಜೆ ಹೋಗುವಾಗ ಧೂಳು ಗುಡಿಸಿ ಹೋಗುತ್ತಾನೆ, ಮನೆಯ ಹಿರಿಯರೊಂದಿಗೆ ಮರ್ಯಾದೆಯಿಂದ ಮಾತಾಡುತ್ತಾನೆ. ಇವು ಕಾಸು ಕೊಟ್ಟು ಬರೆಸಿದ ರಿವ್ಯೂಗಳಲ್ಲ ಎಂಬುದು ಓದಿದರೇ ತಿಳಿಯುತ್ತಿತ್ತು. ನಾನು ಸೌಜನ್ಯಕ್ಕೆಂದು ಒಂದೊಂದೇ ಮೇಲೆ ಸರಿಸುತ್ತಾ ಹೋದೆ. ಲಾವಣ್ಯ ಎಂಬವರು ಅಬ್ಬಿಗೆರೆಯಿಂದ ಬರೆದದ್ದೊಂದು ಸಿಕ್ಕಿತು. ಐದಕ್ಕೆ ಐದು ಸ್ಟಾರು. ಅದರಲ್ಲಿ ಹೀಗಿತ್ತು:

"ಹಾಲ್ ಮತ್ತು ಕಿಚನ್ ಮಧ್ಯದ ಗೋಡೆ ತೆಗೆದ ಮೇಲೆ ಮನೆ ಎಷ್ಟು ದೊಡ್ಡದಾಗಿ ಕಾಣ್ತಿದೆ ಅಂದ್ರೆ ಬಂದವರೆಲ್ಲ ಕೇಳ್ತಾರೆ. ಕೆಲಸ ಮುಗಿದ ಮೇಲೆ ದೇವರ ಮನೆ ಬಾಗಿಲು ಹಿಡ್ಕೊಳ್ತಿತ್ತು. ಫೋನ್ ಮಾಡಿದ ತಕ್ಷಣ ಬಂದು ಹೆರೆದು ಸರಿ ಮಾಡಿದ್ರು. ಮತ್ತೆ ಹಿಡ್ಕೊಳ್ತು, ಮತ್ತೆ ಬಂದ್ರು. ಒಂದ್ ಚೂರೂ ಬೇಜಾರ್ ಮಾಡ್ಕೊಳ್ಳಲಿಲ್ಲ. ಇಂಥ ಸರ್ವಿಸ್ ಎಲ್ಲೂ ಸಿಗಲ್ಲ."

ಕೆಳಗೆ ಮೂರು ಫೋಟೋ. ಒಂದು, ಗೋಡೆ ತೆಗೆಯುವ ಮೊದಲಿನದು. ಇನ್ನೊಂದು, ತೆಗೆದ ಮೇಲೆ ಫಾಲ್ಸ್ ಸೀಲಿಂಗ್ ಹಾಕಿ ಲೈಟು ಹೊತ್ತಿಸಿದ್ದು. ಮೂರನೆಯದರಲ್ಲಿ ಲಾವಣ್ಯ ಮನೆಯ ಗೇಟಿನ ಮುಂದೆ ನಿಂತು ನಗುತ್ತಿದ್ದರು. ಅವರ ತಲೆಯ ಮೇಲೆ ಮೊದಲ ಮಹಡಿ, ಅದರ ಕಂಬಿಗೆ ಕಟ್ಟಿದ ಟ್ಯೂಷನ್ ಬೋರ್ಡು.

ನಾನು ಮೊದಲ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಗೋಡೆ ದಪ್ಪನೆಯದು. ಸೂರಿನಲ್ಲಿ ಎಲ್ಲೂ ಬೀಮ್ ಕಾಣಲಿಲ್ಲ, ಮೂಲೆಗಳಲ್ಲಿ ಪಿಲ್ಲರ್ ಇರಲಿಲ್ಲ. ಹಳೆಯ ಮನೆಗಳಲ್ಲಿ ಪಿಲ್ಲರ್ ಕಟ್ಟುತ್ತಿರಲಿಲ್ಲ. ಮೇಲಿನ ಸ್ಲ್ಯಾಬನ್ನು ಹೊತ್ತು ನಿಲ್ಲುತ್ತಿದ್ದುದು ಗೋಡೆಗಳೇ. ಅದನ್ನೇ ಲೋಡ್ ಬೇರಿಂಗ್ ಗೋಡೆ ಎನ್ನುತ್ತೇವೆ. ಅಂಥದ್ದನ್ನು ತೆಗೆಯಲೇಬೇಕೆಂದರೆ ಅದರ ಜಾಗದಲ್ಲಿ ಭಾರ ಹೊರುವ ಬೀಮ್ ಮೊದಲು ಕೂರಬೇಕು. ಇಲ್ಲಿ ಫಾಲ್ಸ್ ಸೀಲಿಂಗು ಸ್ಲ್ಯಾಬಿಗೆ ಎಷ್ಟು ಒತ್ತಿಕೊಂಡಿತ್ತೆಂದರೆ ಅದರ ಹಿಂದೆ ಬೀಮ್ ಇರಲು ಜಾಗವೇ ಇರಲಿಲ್ಲ.

ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಹಿಡಿದುಕೊಳ್ಳುವುದು ಉಂಟು, ಅದೇ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ರಿವ್ಯೂ ಯಾವಾಗ ಬರೆದದ್ದೆಂದು ನೋಡಿದರೆ ನಡುಬೇಸಿಗೆಯಲ್ಲಿ. ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ. ಒಮ್ಮೆ ಹೆರೆದ ಬಾಗಿಲು ಮತ್ತೆ ಹಿಡಿದುಕೊಂಡಿತೆಂದರೆ ಬಾಗಿಲು ದೊಡ್ಡದಾಗುತ್ತಿಲ್ಲ, ಚೌಕಟ್ಟು ಕೆಳಗೆ ಬರುತ್ತಿದೆ. ಚೌಕಟ್ಟನ್ನು ಮೇಲಿನ ಸ್ಲ್ಯಾಬು ಒತ್ತುತ್ತಿದೆ. ಆ ಸ್ಲ್ಯಾಬಿನ ಮೇಲೆ ದಿನಾ ಸಂಜೆ ಮಕ್ಕಳು ಕುಳಿತು ಓದುತ್ತಾರೆ.

"ಏನಾತ್ರೀ ಮೇಡಂ?" ಎಂದರು ಸವಿತಾ.

ಹೇಳಿದೆ. ಅವರು ಫಿಸಿಕ್ಸ್ ಓದಿದವರು, ಎರಡನೇ ಸಲ ಹೇಳಬೇಕಾಗಲಿಲ್ಲ. ಫೋನನ್ನು ಕೈಗೆತ್ತಿಕೊಂಡರು. "ಹಂಗಾದ್ರ ಇವರಿಗೆ ಈಗಿಂದೀಗ ಹೇಳ್ಬೇಕಲ್ರೀ!"

ಹೇಳುವುದು ಹೇಗೆ? ಆ್ಯಪ್‌ನಲ್ಲಿ ಹೆಸರೊಂದೇ ಇತ್ತು, ವಿಳಾಸವಿಲ್ಲ, ನಂಬರಿಲ್ಲ. ಸುರೇಶನಿಗೆ ಆ್ಯಪ್ ಮೂಲಕವೇ ಕರೆ ಹೋಗುತ್ತಿತ್ತು. ನಾನೇ ಮಾತಾಡಿದೆ. ಇಂಜಿನಿಯರ್ ಎಂದು ಪರಿಚಯ ಹೇಳಿಕೊಂಡು, ಅಬ್ಬಿಗೆರೆ ಮನೆಯಲ್ಲಿ ಗೋಡೆ ತೆಗೆದ ಜಾಗಕ್ಕೆ ಬೀಮ್ ಹಾಕಿದ್ದೀರಾ ಎಂದು ಕೇಳಿದೆ.

"ಮೇಡಂ, ನೀವ್ ಯಾರ್ ಕಡೆಯವ್ರು? ನನ್ ರೇಟಿಂಗ್ ಇಳಿಸ್ಬೇಕು ಅಂತ ಯಾರೋ ನಿಮ್ಮನ್ನ ಬಿಟ್ಟಿದಾರೆ ತಾನೆ? ಕಸ್ಟಮರ್ ಅಡ್ರೆಸ್ ಎಲ್ಲಾ ಕೊಡಕ್ಕಾಗಲ್ಲ" ಎಂದು ಕರೆ ಕತ್ತರಿಸಿದ. ಮತ್ತೆ ಮಾಡಿದರೆ ಎತ್ತಲಿಲ್ಲ.

ಆ್ಯಪ್ ಕಂಪನಿಯ ಸಹಾಯವಾಣಿಯಲ್ಲಿ ಮನುಷ್ಯರು ಸಿಗಲಿಲ್ಲ. ಚಾಟ್‌ನಲ್ಲಿ ಯಂತ್ರವೊಂದು ನನ್ನ ಬುಕಿಂಗ್ ನಂಬರ್ ಕೇಳಿತು. ಬುಕಿಂಗ್ ಮಾಡಿಲ್ಲ ಎಂದರೆ, ಮಾಡಲು ಇಲ್ಲಿ ಒತ್ತಿ ಎಂದಿತು. ಕೊನೆಗೆ ಸವಿತಾ ಆ ರಿವ್ಯೂ ಕೆಳಗೇ, ನಿಮ್ಮ ಮನೆಗೆ ಅಪಾಯವಿರಬಹುದು, ಈ ಇಂಜಿನಿಯರಿಗೆ ಫೋನ್ ಮಾಡಿ ಎಂದು ನನ್ನ ನಂಬರ್ ಹಾಕಿ ಬರೆದರು. ನೋಡನೋಡುತ್ತಿದ್ದಂತೆ ಅದು ಮಾಯವಾಯಿತು. ಫೋನ್ ನಂಬರ್ ಹಾಕುವುದು ನಿಯಮಕ್ಕೆ ವಿರುದ್ಧವಂತೆ.

ಅಂದು ಮನೆಗೆ ಹೋದರೂ ಮನಸ್ಸು ನಿಲ್ಲಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ತಾರಸಿಯಲ್ಲಿ ನೀರು ನಿಂತರೆ ಅದೂ ಭಾರವೇ. ನಾನು ಕಂಡದ್ದು ಬರೀ ಮೂರು ಫೋಟೋ, ತಪ್ಪು ತಿಳಿದಿರಲೂಬಹುದು. ಆದರೆ ಸರಿ ತಿಳಿದಿದ್ದರೆ? ಅಬ್ಬಿಗೆರೆ ಈಗ ಹಳ್ಳಿಯಲ್ಲ. ಬೀದಿ ಬೀದಿ ಅಲೆದು ಒಂದು ಟ್ಯೂಷನ್ ಬೋರ್ಡು ಹುಡುಕಲು ಎಷ್ಟು ದಿನ ಬೇಕು? ಬೆಳಿಗ್ಗೆ ಅದನ್ನೇ ಮಾಡುವುದೆಂದು ಹೊರಟಿದ್ದೆ. ಅಷ್ಟರಲ್ಲಿ ಸವಿತಾ ಫೋನ್ ಮಾಡಿದರು.

"ಮೇಡಂ, ಅಂಜಿಸಿದ್ರ ಯಾರೂ ಉತ್ತರಾ ಕೊಡೂದಿಲ್ರಿ. ಹೊಗಳಿದ್ರ ಕೊಡ್ತಾರ. ನಾ ಇನ್ನೊಮ್ಮೆ ಬರದೇನಿ. ನಿಮ್ಮ ಕಿಚನ್ ಟೈಲ್ಸ್ ಭಾಳ ಚಂದ ಅದಾವ, ನಮ್ಮನ್ಯಾಗೂ ಅಂಥಾವs ಹಾಕ್ಸೂದೈತಿ, ಒಮ್ಮೆ ಬಂದು ನೋಡ್ಬಹುದಾ ಅಂತ ಕೇಳೇನ್ರಿ."

ಮಧ್ಯಾಹ್ನದೊಳಗೆ ಉತ್ತರ ಬಂತು. "ಖಂಡಿತ ಬನ್ನಿ, ಇವತ್ತು ರಜಾ ಹಾಕಿ ಮನೇಲೇ ಇದೀನಿ." ಜೊತೆಗೆ ಬೀದಿಯ ಹೆಸರು, ಗೇಟಿನ ಬಣ್ಣ.

ಸವಿತಾ ಕಾಲೇಜಿನಿಂದ ಹಾಗೇ ನನ್ನ ಆಫೀಸಿಗೆ ಬಂದರು, ಇಬ್ಬರೂ ಹೊರಟೆವು. ಜಾಲಹಳ್ಳಿ ಕಡೆ ಟ್ರಾಫಿಕ್ಕೆಂದು ಒಳದಾರಿ ಹಿಡಿದರೆ ಅಲ್ಲೂ ರಸ್ತೆ ಅಗೆದಿದ್ದರು. ನಾನು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ಶಾಲೆ ಬಿಟ್ಟ ಮಕ್ಕಳು ಟ್ಯೂಷನ್‌ಗೆ ಬರುವ ಹೊತ್ತು ಹತ್ತಿರವಾಗುತ್ತಿತ್ತು.

ಲಾವಣ್ಯ ಗೇಟಿನವರೆಗೆ ಬಂದು ಕರೆದುಕೊಂಡು ಹೋದರು. ಬ್ಯಾಂಕೊಂದರಲ್ಲಿ ಕೆಲಸ, ಮುಖದಲ್ಲಿ ಮನೆ ತೋರಿಸುವ ಉತ್ಸಾಹ. ಸೋಫಾದಲ್ಲಿ ಅವರ ಮಾವ ಮುನಿರಾಜಪ್ಪ ಕುಳಿತಿದ್ದರು. ಅಬ್ಬಿಗೆರೆ ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿಯವರು. ಕೆಳಮನೆ ಅವರ ತಂದೆ ಕಟ್ಟಿಸಿದ್ದು. ಮೇಲಿನ ಮಹಡಿ ಇವರು ಆಮೇಲೆ ಎತ್ತಿಸಿ ಒಬ್ಬ ಟೀಚರಿಗೆ ಬಾಡಿಗೆ ಕೊಟ್ಟಿದ್ದರು. ನಿಜಕ್ಕೂ ಅಡುಗೆಮನೆ ಚೆನ್ನಾಗಿತ್ತು. ಅದೇ ಸಂಕಟ. ಬಿಳಿ ಟೈಲ್ಸು, ಬೆಳಕು, ಒಂದು ಕಲೆಯಿಲ್ಲ. ಗೋಡೆ ಇದ್ದ ಜಾಗದ ಪಕ್ಕದಲ್ಲೇ ದೇವರ ಮನೆ; ಅದರ ಬಾಗಿಲನ್ನು ನಾನು ಮೆಲ್ಲನೆ ತಳ್ಳಿದೆ. ಅರ್ಧಕ್ಕೆ ನಿಂತಿತು.

"ಮತ್ತೆ ಹಿಡ್ಕೊಳ್ತಿದೆ ನೋಡಿ" ಎಂದು ಲಾವಣ್ಯ ನಕ್ಕರು. "ಸುರೇಶ್‌ಗೆ ಹೇಳಿದೀನಿ, ಬರ್ತೀನಿ ಅಂದಿದಾರೆ."

ನಾನು ಯಾರು, ಯಾಕೆ ಬಂದೆ ಎಂಬುದನ್ನು ಇನ್ನು ಮುಚ್ಚಿಡಲಾಗಲಿಲ್ಲ. ಹೇಳಿದೆ. ಲಾವಣ್ಯ ಮೊದಲು ನನ್ನನ್ನು, ಆಮೇಲೆ ಸವಿತಾರನ್ನು ನೋಡಿದರು. ಟೈಲ್ಸ್ ನೋಡುವ ನೆಪದಲ್ಲಿ ಮೋಸಮಾಡಿ ಒಳಬಂದವರನ್ನು ನೋಡುವ ನೋಟ. ಮುನಿರಾಜಪ್ಪ ಎದ್ದು ನಿಂತರು.

"ಏನಮ್ಮಾ, ಇಂಗೆ ಮನೆಯೊಳೀಕ್ ಬಂದು ಎದರಿಸ್ತಿದೀರಲ್ಲ? ನಮ್ಮಪ್ಪ ಕಟ್ಸಿದ್ ಮನೆ ಇದು. ಕಲ್ಲಿದ್ದಂಗೈತೆ. ನಿಮ್ ಯಾಪಾರ ಇನ್ನೆಲ್ಲಾದ್ರೂ ನೋಡ್ಕಳಿ."

"ಯಜಮಾನ್ರೇ, ನಿಮ್ಮ ತಂದೆಯವರು ಗಟ್ಟಿಯಾಗೇ ಕಟ್ಟಿಸಿದ್ದಾರೆ. ಅವರು ಕಟ್ಟಿಸಿದ ಗೋಡೆನೇ ಈಗ ಇಲ್ವಲ್ಲ" ಎಂದೆ. "ಒಂದೇ ಒಂದು ಕೇಳ್ತೀನಿ. ಸೀಲಿಂಗಿನ ಆ ಲೈಟು ಬಿಚ್ಚಿ. ಒಳಗೆ ಫೋನಿಟ್ಟು ವಿಡಿಯೋ ತೆಗೆಯೋಣ. ಏನೂ ಇಲ್ಲ ಅಂದ್ರೆ ಕ್ಷಮೆ ಕೇಳಿ ಹೊರಟುಬಿಡ್ತೀನಿ."

ಅವರು ಒಪ್ಪುವುದಿಲ್ಲವೆಂದೇ ಅಂದುಕೊಂಡಿದ್ದೆ. ಅಷ್ಟರಲ್ಲಿ ಮೇಲೆ ಧಡಧಡ ಸದ್ದು. ಮಕ್ಕಳು ಬಂದಾಗಿತ್ತು. ಯಾರೋ ಓಡಾಡುತ್ತಿದ್ದರು, ಯಾರೋ ಬ್ಯಾಗು ಎಸೆದರು. ನನ್ನ ಕಣ್ಣು ತಾನಾಗಿ ಸೂರಿಗೆ ಹೋಯಿತು. ನನ್ನ ಮುಖದಲ್ಲಿ ಮುನಿರಾಜಪ್ಪ ಏನು ಕಂಡರೋ, ಸ್ಟೂಲು ಎಳೆದು ತಾವೇ ಹತ್ತಿದರು. ಮೆಯಿನ್ ಸ್ವಿಚ್ ಆರಿಸಿ ಬರುವಂತೆ ಲಾವಣ್ಯರಿಗೆ ಹೇಳಿದೆ. ಗುಂಡಗಿನ ಲೈಟು ಹೊರಗೆ ಬರುತ್ತಿದ್ದಂತೆ ಅದರ ಹಿಂದೆಯೇ ಸಿಮೆಂಟಿನ ಹರಳುಗಳು ಉದುರಿ ಹೊಸ ಟೈಲ್ಸಿನ ಮೇಲೆ ಚೆಲ್ಲಾಡಿದವು.

ಅವರು ಇಳಿದ ಮೇಲೆ ನಾನು ಸ್ಟೂಲು ಹತ್ತಿ, ಫೋನಿನ ಟಾರ್ಚ್ ಹಾಕಿ ಆ ತೂತಿನೊಳಗೆ ಹಿಡಿದು ಒಂದು ಸುತ್ತು ತಿರುಗಿಸಿ ಕೆಳಗೆ ತಂದೆ. ನಾಲ್ವರೂ ತಲೆ ಸೇರಿಸಿ ನೋಡಿದೆವು. ಮೊದಲು ಗೋಡೆ ಇದ್ದ ಜಾಗದ ಉದ್ದಕ್ಕೂ ಸ್ಲ್ಯಾಬು ಸೀಳಿತ್ತು. ಪ್ಲಾಸ್ಟರ್ ಹಪ್ಪಳದಂತೆ ಎದ್ದು ಫಾಲ್ಸ್ ಸೀಲಿಂಗಿನ ಮೇಲೆ ರಾಶಿ ಬಿದ್ದಿತ್ತು. ಒಂದು ಕಡೆ ಸ್ಲ್ಯಾಬಿನೊಳಗಿನ ಕಂಬಿಯೇ ಕಾಣುತ್ತಿತ್ತು. ಮೇಲಿನ ಮಹಡಿಯ ಗೋಡೆಯೊಂದನ್ನು ಸರಿಯಾಗಿ ಆ ಗೆರೆಯ ಮೇಲೆಯೇ ಎತ್ತಿಸಿದ್ದೆಂದು ಮುನಿರಾಜಪ್ಪ ಹೇಳಿದರು. ಅದನ್ನು ಹೊರುತ್ತಿದ್ದುದು ಆ ಸೀಳಿದ ಸ್ಲ್ಯಾಬು ಮಾತ್ರ.

ಹಾಗೆಂದವರು ಒಳಕೋಣೆಯ ಕಡೆ ತಿರುಗಿದರು. "ಲಾವಣ್ಯಾ, ಮಗೀನ ಎತ್ಕಂಡ್ ಈಚೆಗ್ ನಡಿಯಮ್ಮ" ಎಂದರು. ಒಳಕೋಣೆಯಲ್ಲಿ ಅವರ ಮೊಮ್ಮಗು ಮಲಗಿದೆ ಎಂಬುದು ನನಗೆ ಆಗಲೇ ಗೊತ್ತಾದದ್ದು.

ಮೇಲಿನ ಮಹಡಿಗೆ ಮೆಟ್ಟಿಲು ಹೊರಗಿನಿಂದ ಇತ್ತು, ಅದು ನಮ್ಮ ಪುಣ್ಯ. ಹತ್ತುವಾಗ ನನಗೆ ಇದ್ದ ಭಯ ಒಂದೇ: ಮಕ್ಕಳು ಹೆದರಿ ಎಲ್ಲರೂ ಒಟ್ಟಿಗೆ ಎದ್ದು ಓಡಿದರೆ ಆ ಕುಲುಕಾಟವೇ ಸಾಕು. ಬಾಗಿಲಲ್ಲಿ ನಿಂತು ಟೀಚರನ್ನು ಸನ್ನೆ ಮಾಡಿ ಕರೆದು ವಿಷಯವನ್ನೂ, ಮಕ್ಕಳನ್ನು ಹೊರಗೋಡೆಯ ಪಕ್ಕದಲ್ಲೇ ನಡೆಸಬೇಕೆಂಬುದನ್ನೂ ಕಿವಿಯಲ್ಲಿ ಹೇಳಿದೆ. ಆಕೆ ಒಮ್ಮೆ ಕಾಲಡಿಯ ನೆಲ ನೋಡಿ, ಮಕ್ಕಳ ಕಡೆ ತಿರುಗಿ ಎಂದಿನ ದನಿಯಲ್ಲೇ ಹೇಳಿದರು.

"ಮಕ್ಳೇ, ಇವತ್ತು ಕೆಳಗೆ ಕಾಂಪೌಂಡಲ್ಲಿ ಪಾಠ. ಬ್ಯಾಗ್ ಇಲ್ಲೇ ಇರ್ಲಿ. ಯಾರು ಸದ್ದಿಲ್ದೆ ಹೊರಗೋಡೆ ಪಕ್ಕದಲ್ಲೇ ನಡ್ಕೊಂಡ್ ಹೋಗ್ತಾರೋ ಅವ್ರಿಗೆ ಇವತ್ತು ಹೋಮ್‌ವರ್ಕ್ ಇಲ್ಲ."

ಮಕ್ಕಳು ಒಬ್ಬರ ಹಿಂದೆ ಒಬ್ಬರು, ನಗು ತಡೆದುಕೊಂಡು, ಗೋಡೆಗೆ ಅಂಟಿಕೊಂಡು ಇಳಿದರು. ಅಷ್ಟು ನಿಧಾನವಾಗಿ ಸರಿದ ಸಮಯವನ್ನು ನನ್ನ ವೃತ್ತಿಯಲ್ಲಿ ನಾನು ಬೇರೆ ಕಂಡಿಲ್ಲ. ಕಡೆಯ ಹುಡುಗಿ ಚಪ್ಪಲಿ ಬಿಟ್ಟುಬಂದೆನೆಂದು ಮೆಟ್ಟಿಲಿನಿಂದ ವಾಪಸು ತಿರುಗಿದಳು. ಸವಿತಾ ಅವಳನ್ನು ಹಾಗೇ ಸೊಂಟಕ್ಕೆ ಎತ್ತಿಕೊಂಡು ಇಳಿದುಬಿಟ್ಟರು.

ಸುರೇಶ್ ಬಂದದ್ದು ಆಗ. ಬಾಗಿಲು ಹೆರೆಯಲೆಂದು ಉಪಕರಣಗಳ ಚೀಲ ಹಿಡಿದು ಬಂದಿದ್ದ. ಮೂವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಅಂಗಿ. ಕಾಂಪೌಂಡಿನಲ್ಲಿ ಮಕ್ಕಳ ಗುಂಪನ್ನೂ ನನ್ನನ್ನೂ ಕಂಡು, "ನಿನ್ನೆ ಫೋನ್ ಮಾಡಿದ್ದು ನೀವೇನಾ? ಮನೆಗೇ ಬಂದ್ಬಿಟ್ರಾ?" ಎಂದು ಜೋರು ಮಾಡಿದ. ನಾನು ವಿಡಿಯೋ ಹಾಕಿ ಅವನ ಕೈಗೆ ಕೊಟ್ಟೆ. ಒಮ್ಮೆ ನೋಡಿದ. ಮತ್ತೆ ಹಿಂದೆ ಸರಿಸಿ ನೋಡಿದ. ಮೊದಲಿದ್ದ ದನಿ ಇಲ್ಲವಾಯಿತು.

"ಮೇಡಂ, ಅಪಾರ್ಟ್‌ಮೆಂಟಲ್ಲಿ ಇದೇ ಥರ ತುಂಬಾ ತೆಗ್ದಿದೀನಿ. ಒಂದಿನಾನೂ ಏನೂ ಆಗಿರ್ಲಿಲ್ಲ."

"ಅಲ್ಲಿ ಭಾರ ಹೊರೋದು ಪಿಲ್ಲರು, ಬೀಮು. ಗೋಡೆ ಬರೀ ಅಡ್ಡಕ್ಕೆ. ಇಲ್ಲಿ ಗೋಡೆನೇ ಪಿಲ್ಲರು" ಎಂದೆ. "ಬೈಯೋಕೆ ಈಗ ಟೈಮಿಲ್ಲ. ಸೆಂಟ್ರಿಂಗ್ ಜಾಕಿ ಎಲ್ಲಿ ಸಿಗುತ್ತೆ?"

ಸ್ಲ್ಯಾಬ್ ಹಾಕುವಾಗ ಕೆಳಗೆ ಆಧಾರಕ್ಕೆ ನಿಲ್ಲಿಸುವ ಕಬ್ಬಿಣದ ಕಂಬಗಳಿಗೆ ಜಾಕಿ ಎನ್ನುತ್ತಾರೆ. ಚಿಕ್ಕಬಾಣಾವರದಲ್ಲಿ ಅವನ ಸ್ನೇಹಿತನ ಕಟ್ಟಡವೊಂದು ಏಳುತ್ತಿತ್ತು. ಸುರೇಶ್ ಫೋನಿನಲ್ಲಿ, "ಮಚ್ಚಾ, ಏನೂ ಕೇಳ್ಬೇಡ, ಇರೋ ಜಾಕಿ ಎಲ್ಲಾ ಗಾಡಿಗಾಕು" ಎಂದು ಕೂಗಿದ. ಗಾಡಿ ಬರುವವರೆಗೆ ಒಳಗೆ ಯಾರೂ ಹೋಗಲಿಲ್ಲ. ಟೀಚರ್ ಫೋನ್ ಮಾಡಿ ಪೋಷಕರನ್ನು ಕರೆಸಿಕೊಂಡು ಮಕ್ಕಳನ್ನು ಕಳಿಸಿದರು. ಮುನಿರಾಜಪ್ಪ ಎದುರುಮನೆಯ ಜಗಲಿಯಲ್ಲಿ ಕುಳಿತು ತಮ್ಮ ಮನೆಯನ್ನೇ ದಿಟ್ಟಿಸುತ್ತಿದ್ದರು, ಕಣ್ಣು ಬೇರೆಡೆ ತಿರುಗಿಸಿದರೆ ಅದು ಕುಸಿದುಬಿಡುತ್ತದೆ ಎಂಬಂತೆ.

ಜಾಕಿ ಬಂದಾಗ ಕೆಲಸದವರನ್ನು ಒಳಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾನೂ ಸುರೇಶನೂ ಹೋದೆವು. ಫಾಲ್ಸ್ ಸೀಲಿಂಗನ್ನು ಅಂಚಿನಿಂದ ಕತ್ತರಿಸಿ ಇಳಿಸಿ, ಕೆಳಗೊಂದು ಮೇಲೊಂದು ದಪ್ಪ ಹಲಗೆ ಕೊಟ್ಟು, ಸೀಳಿನ ಎರಡೂ ಬದಿಗೆ ಜಾಕಿ ನಿಲ್ಲಿಸುತ್ತಾ ಬಂದೆವು. ಜಾಕಿ ತಿರುಗಿಸಿ ಸ್ಲ್ಯಾಬನ್ನು ಮೇಲಕ್ಕೆತ್ತಲು ಹೋಗಬಾರದು; ಮುಟ್ಟಿ ಬಿಗಿಯಾದರೆ ಸಾಕು. ನಾನು ಪ್ರತಿ ಸಲ "ಸಾಕು" ಎಂದಾಗಲೂ ಅವನು ನನ್ನ ಮುಖ ನೋಡುತ್ತಿದ್ದ. ಒಮ್ಮೆ ತಲೆಯ ಮೇಲೆ ಟಿಕ್ ಎಂದು ಸದ್ದಾಯಿತು. ಇಬ್ಬರೂ ಕಲ್ಲಾಗಿ ನಿಂತೆವು. ಮತ್ತೇನೂ ಆಗಲಿಲ್ಲ. ಬೆಳಕು ಹೋಗುವ ಮೊದಲು ಆ ಚೆಂದದ ಅಡುಗೆಮನೆಯ ತುಂಬ ತುಕ್ಕು ಹಿಡಿದ ಕಂಬಗಳು ನಿಂತಿದ್ದವು. ಹೊರಗೆ ಬಂದು ಸಂಪಿನ ಮುಚ್ಚಳದ ಮೇಲೆ ಕುಳಿತೆ.

ಆ ಕುಟುಂಬ ಕೆಲವು ತಿಂಗಳು ಬೇರೆಡೆ ಇತ್ತು. ಹೊಸ ಪಾಯ ತೆಗೆದು, ಎರಡು ಕಬ್ಬಿಣದ ಕಂಬ ನಿಲ್ಲಿಸಿ, ಅವುಗಳ ಮೇಲೆ ಗರ್ಡರ್ ಎಂಬ ಉಕ್ಕಿನ ತೊಲೆ ಕೂರಿಸಿ ಸ್ಲ್ಯಾಬನ್ನು ಭದ್ರಪಡಿಸಿದೆವು. ಆದರೆ ನಾನು ಈ ಕೇಸನ್ನು ನೆನೆಯುವುದು ಅಷ್ಟಕ್ಕೇ ಅಲ್ಲ.

ಜಾಕಿ ಕೊಟ್ಟ ಮರುದಿನ ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುವ ಹೊತ್ತಿಗೆ ಸುರೇಶ್ ಬಾಗಿಲಲ್ಲಿ ನಿಂತಿದ್ದ. ಅದೇ ಅಂಗಿ, ಈಗ ಮುದುಡಿಹೋಗಿತ್ತು.

"ಮೇಡಂ, ಇಂಥ ಹಳೇ ಮನೆ ಇನ್ನೂ ಮೂರು ಮಾಡಿದೀನಿ. ನೀವು ಬಂದು ನೋಡ್ಬೇಕು. ಒಬ್ನೇ ಹೋಗಿ ನೋಡಕ್ಕೆ ನಂಗೆ ಧೈರ್ಯ ಇಲ್ಲ."

ಅಂದೇ ಹೋದೆವು. ಮೊದಲನೆಯದು ಕೊಡಿಗೇಹಳ್ಳಿಯಲ್ಲಿ, ಅಲ್ಲಿ ತೆಗೆದ ಗೋಡೆ ತೆಳ್ಳಗಿನ ಅಡ್ಡಗೋಡೆಯಾಗಿತ್ತು, ತೊಂದರೆಯಿರಲಿಲ್ಲ. ಎರಡನೆಯದರಲ್ಲಿ ಸಣ್ಣ ಬಿರುಕು ಶುರುವಾಗಿತ್ತು, ಸಂಜೆಯೊಳಗೆ ಜಾಕಿ ಕೊಟ್ಟೆವು. ಮೂರನೆಯದು ಬಾಗಲೂರಿನಲ್ಲಿ. ಮನೆಯ ಯಜಮಾನರು ಗೇಟನ್ನೇ ತೆಗೆಯಲಿಲ್ಲ. ಒಳಗಿಂದಲೇ, "ಏನೂ ಪ್ರಾಬ್ಲಂ ಇಲ್ಲಪ್ಪ, ಎಲ್ಲಾ ಚೆನ್ನಾಗಿದೆ. ನಾನೇ ಒಳ್ಳೆ ರಿವ್ಯೂ ಬರ್ದಿದೀನಲ್ಲ, ಇನ್ನೇನು?" ಎಂದರು. ಇಂಜಿನಿಯರ್ ಎಂದ ಕೂಡಲೇ ಅವರ ಮುಖ ಇನ್ನಷ್ಟು ಬಿಗಿಯಿತು. ಹೊಸ ಖರ್ಚು ಹುಟ್ಟಿಸಲು ಬಂದವಳು ಎಂದುಕೊಂಡಿರಬೇಕು. ನಾನು ಎಷ್ಟು ಹೇಳಿದರೂ ಕೇಳದೆ ಬೆನ್ನು ತಿರುಗಿಸಿದರು.

ಆಗ ಸುರೇಶ್ ಗೇಟಿನ ಸರಳು ಹಿಡಿದು ಹೇಳಿದ: "ಸಾರ್, ನೀವ್ ಬರ್ದಿರೋದು ತಪ್ಪು. ನಾನು ನಿಮ್ ಮನೆ ಹಾಳು ಮಾಡಿದೀನಿ. ಹೋಗಿ ಅದನ್ನೇ ಬರೀರಿ, ಒಂದ್ ಸ್ಟಾರ್ ಕೊಡಿ, ಪೊಲೀಸ್‌ಗ್ ಬೇಕಾದ್ರೂ ಹೇಳಿ. ಆದ್ರೆ ಮೇಡಂನ ಒಳಗೆ ಬಿಡಿ ಸಾರ್, ನಿಮ್ಗೆ ಕೈ ಮುಗೀತೀನಿ."

ಯಜಮಾನರು ನಿಂತರು. ವಾಪಸು ಬಂದು ಚಿಲಕ ತೆಗೆದರು. ಅಲ್ಲೂ ಸ್ಲ್ಯಾಬು ಬಿರುಕು ಬಿಟ್ಟಿತ್ತು; ನಾವು ಒಳಗೆ ಹೋದದ್ದು ಒಳ್ಳೆಯದೇ ಆಯಿತು.

ಸವಿತಾ ಕೊನೆಗೆ ಸುರೇಶನಿಗೆ ಕೆಲಸ ಕೊಡಲಿಲ್ಲ. "ಮನಸ್ಸು ಒಪ್ಪವಲ್ದರೀ ಮೇಡಂ" ಎಂದರು, ಅದೂ ನ್ಯಾಯವೇ. ಆ್ಯಪ್‌ನಲ್ಲಿ ಅವನ ಸ್ಟಾರುಗಳು ಇಳಿದವು. ಈಗ ಅವನು ಗೋಡೆ ಮುಟ್ಟುವ ಮೊದಲು ನಕ್ಷೆ ತೆಗೆದುಕೊಂಡು ನನ್ನ ಹತ್ತಿರ ಬರುತ್ತಾನೆ.

ಯಾರನ್ನು ನಂಬಬೇಕು ಎಂದು ಫೋನು ಹಿಡಿದು ಬರುವವರು ಈಗಲೂ ಇದ್ದಾರೆ. ರಿವ್ಯೂ ಓದಬೇಡಿ ಎಂದು ನಾನು ಹೇಳುವುದಿಲ್ಲ. ಒಂದು ರಿವ್ಯೂ ಓದಿದ್ದರಿಂದಲೇ ಅಷ್ಟು ಮಕ್ಕಳು ಮೆಟ್ಟಿಲಿಳಿದು ಮನೆಗೆ ಹೋದರು. ಆದರೆ ಬರೆದವರಿಗೆ ಕಂಡದ್ದಷ್ಟೇ ಅದರಲ್ಲಿ ಇರುತ್ತದೆ. ಕೆಲಸದವನು ಒಳ್ಳೆಯವನೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡಬಹುದು, ಕೆಲಸ ಸರಿಯೇ ಎಂಬುದಕ್ಕೆ ಕೊಡಲಾರದು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು ಎಂಬುದು ಇಷ್ಟು ವರ್ಷ ಲೆಕ್ಕ ಹಾಕಿದ ನನಗೂ ಪೂರ್ತಿ ಅರ್ಥವಾದದ್ದು ಆ ಮೂರು ದಿನಗಳಲ್ಲಿ. ಸುರೇಶ್ ಒಳ್ಳೆಯವನೇ ಆಗಿದ್ದ. ಆ ಮನೆ ಬೀಳುವುದರಲ್ಲಿತ್ತು.